ಇಲ್ಲಿಂದ ಚಾಲು

ಇಪ್ಪತ್ತೆರಡು ವರ್ಷದಿಂದ ಆಂಧ್ರದಲ್ಲಿದ್ದೇನೆ. ನನ್ನ ತೆಲುಗನ್ನು ತಿದ್ದಲು ಬಂದ ಯಾರನ್ನೂ ನಾನು ಸುಮ್ಮನೆ ಬಿಟ್ಟವನಲ್ಲ. ಹೆಂಡತಿ ವಿಜಯಲಕ್ಷ್ಮೀ ಮಾತ್ರ ಹೆದರುತ್ತಿರಲಿಲ್ಲ. “ನಿಮ್ಮ ತೆಲುಗು ಕೇಳಿ ಬ್ಯಾಂಕಿನ ಮಂದಿ ಕನ್ನಡ ಕಲತ್ರು ನೋಡ್ರಿ” ಎಂದು ನಗುವಳು. ನಮ್ಮ ಗದಗಿನವಳೇ, ಬಾಯಿ ಜೋರು.

ವಿಜಯವಾಡದ ಮನೆಯಲ್ಲಿ ಅವಳು ಮತ್ತು ಮಗಳು ಪ್ರೇರಣಾ, ವಿಶಾಖಪಟ್ಟಣದ ಮಧುರವಾಡ ಶಾಖೆಯಲ್ಲಿ ನಾನು. ಅವಳು ಫೋನ್ ಮಾಡಿದಾಗ ನಾನು ಎತ್ತುತ್ತಿದ್ದುದೇ ಅಪರೂಪ. ಗಿರಾಕಿ, ಮೀಟಿಂಗು, ಏನಾದರೊಂದು ನೆಪ. ಒಮ್ಮೆ ಸಿಟ್ಟು ಬಂದು ವಾಯ್ಸ್ ಮೆಸೇಜ್ ಕಳಿಸಿದ್ದಳು: “ರೀ, ಫೋನ್ ಎತ್ರಿ! ಎಷ್ಟ್ ಸಲ ಕರೀಬೇಕ್ರಿ ನಿಮ್ಮನ್ನ?” ಈ ಸಂಕ್ರಾಂತಿ ಮುಗಿದ ವಾರ, ಎದೆ ಹಿಡಿದುಕೊಂಡು ಕೂತವಳು ಏಳಲಿಲ್ಲ. ಅವತ್ತೂ ಮೂರು ಸಲ ಫೋನ್ ಬಂದಿತ್ತು. ನಾನು ಎತ್ತಿರಲಿಲ್ಲ.

ಆಮೇಲೆ ನನ್ನ ಹಳೆಯ ಫೋನು ಕೆಟ್ಟು ಎಲ್ಲವೂ ಹೋಯಿತು. ಮೆಮೊರಿ ಕಾರ್ಡಿನಲ್ಲಿ ಸಿಕ್ಕಿದ್ದು ಆ ಒಂದೇ ಮೆಸೇಜು. ಅವಳ ದನಿ ಎಂದು ಉಳಿದಿದ್ದೂ ಅಷ್ಟೇ. ಅದನ್ನೇ ರಿಂಗ್‌ಟೋನ್ ಮಾಡಿಸಲು ಹೊರಟೆ. ಇನ್ನು ಮುಂದಾದರೂ ಅವಳು ಕರೆದಾಗ ಎತ್ತಬೇಕು ಎಂಬ ಹುಚ್ಚು.

ಬ್ಯಾಂಕಿನ ಎದುರಿಗೇ ರಾಮ್‌ಪ್ರಸಾದರ ಮೊಬೈಲ್ ಅಂಗಡಿ. ನನ್ನ ವಯಸ್ಸಿನವರು, ಕನ್ನಡ ಒಂದಕ್ಷರ ಬಾರದು. ಮೆಸೇಜು ಹಚ್ಚಿದರು. ಮೊದಲ ಹನ್ನೆರಡು ಸೆಕೆಂಡು ಮಾತಿಲ್ಲ: ಕುಕ್ಕರಿನ ಸೀಟಿ, ಬಳೆಯ ಸದ್ದು, ಬೈಯುವ ಮುಂಚೆ ಅವಳು ಎಳೆದುಕೊಂಡ ಉಸಿರು. ಆಮೇಲೆ ದನಿ. ಕೇಳಿ ನನ್ನ ಕಣ್ಣು ಮಂಜಾಯಿತು. ಪರದೆಯ ಮೇಲೆ ಸದ್ದು ಗೆರೆಗೆರೆಯಾಗಿ ಮೂಡಿತ್ತು. ದನಿ ಶುರುವಾಗುವ ಜಾಗಕ್ಕೆ ಬೆರಳಿಟ್ಟು, ಇಲ್ಲಿಂದ ಎಂದು ತೆಲುಗಿನಲ್ಲಿ ಹೇಳಿದೆ: “ಇಕ್ಕಡ ನುಂಚಿ ಚಾಲು.”

“ಅಂತೇನಾ ಸಾರ್?” ಅಷ್ಟೇನಾ ಎಂದು ಕೇಳಿದರು.

“ಅಂತೇ. ಚಾಲು, ಚಾಲು.”

ಐದು ನಿಮಿಷದಲ್ಲಿ ಫೋನು ಕೈಗೆ ಬಂತು. ಪರೀಕ್ಷೆಗೆಂದು ಅವರೇ ನನಗೆ ಕರೆ ಮಾಡಿದರು. ಕುಕ್ಕರ್ ಕೂಗಿತು, ಬಳೆ ಸದ್ದಾಯಿತು, ಅವಳು ಉಸಿರು ಎಳೆದುಕೊಂಡಳು. ಮತ್ತೆ ಕುಕ್ಕರ್.

“ಮಾತೆಲ್ಲಿ?” ಎಂದು ಕನ್ನಡದಲ್ಲೇ ಕಿರುಚಿದೆ.

“ಮೀರೇ ಚಾಲು ಅನ್ನಾರು ಕದಾ ಸಾರ್” ನೀವೇ ಅಂದಿರಲ್ಲ ಎಂದರು ರಾಮ್‌ಪ್ರಸಾದ್ ಬೆಪ್ಪಾಗಿ. ಮನೆಯ ಕುಕ್ಕರಿನ ಸದ್ದೇ ನನಗೆ ಬೇಕು ಎಂದುಕೊಂಡಿದ್ದರಂತೆ. ಎಂತೆಂಥ ಸದ್ದುಗಳನ್ನೋ ರಿಂಗ್‌ಟೋನ್ ಮಾಡಿಸಿಕೊಳ್ಳುವವರು ಬರುತ್ತಾರಂತೆ. ಎರಡೆರಡು ಫೈಲಿದ್ದರೆ ನನಗೆ ಗೊಂದಲವಾದೀತೆಂದು ಹಳೆಯದರ ಮೇಲೆಯೇ ಸೇವ್ ಮಾಡಿಬಿಟ್ಟಿದ್ದರು; ಅವಳ ಮಾತು ಅಳಿಸಿಹೋಗಿತ್ತು.

ಬಾಯಿಗೆ ಬಂದಂತೆ ಬೈದೆ. ಬೈಯುತ್ತ ಬೈಯುತ್ತಲೇ ಹೊಳೆಯಿತು. ನಮ್ಮ ಕಡೆ ಚಾಲು ಎಂದರೆ ಶುರು, ತೆಲುಗಿನಲ್ಲಿ ಸಾಕು. ಇದು ಗೊತ್ತಿಲ್ಲದವನೇ ನಾನು? ಇಪ್ಪತ್ತೆರಡು ವರ್ಷ ಇಲ್ಲಿನ ಊಟದೆಲೆಗಳ ಮೇಲೆ ಕೈ ಅಡ್ಡ ಹಿಡಿದು ‘ಚಾಲು, ಚಾಲು’ ಎಂದವನು. ಅವಳ ದನಿ ಕಿವಿಗೆ ಬಿದ್ದದ್ದೇ ತಡ, ನನ್ನ ನಾಲಿಗೆ ಗದಗಿಗೆ ಹೋಗಿಬಿಟ್ಟಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನದು ಎರಡೂ ಒಟ್ಟಿಗೇ ಹೋಯಿತು.

ಅಳಿಸಿದ್ದು ವಾಪಸು ಸಿಕ್ಕೀತೇನೋ ಎಂದು ರಾಮ್‌ಪ್ರಸಾದ್ ಕಾರ್ಡನ್ನು ತಮಗೆ ಗೊತ್ತಿದ್ದ ಇಬ್ಬರ ಹತ್ತಿರ ಒಯ್ದರು. ಮೂರನೆಯ ದಿನ ಬ್ಯಾಂಕಿಗೇ ಬಂದು, ಅದನ್ನು ಕಾಗದದಲ್ಲಿ ಸುತ್ತಿ ಟೇಬಲ್ಲಿನ ಮೇಲಿಟ್ಟು, ಗಿರಾಕಿಗಳ ಎದುರಿಗೇ ಕಣ್ಣೊರೆಸಿಕೊಂಡರು. ತಪ್ಪು ನಿಮ್ಮದಲ್ಲ ಎಂದು ಅವರ ಕೈ ಹಿಡಿದುಕೊಂಡೆ. ಸರಿಯಾದ ತೆಲುಗಿನಲ್ಲೇ ಹೇಳಿದೆ.

ಪ್ರೇರಣಾಳಿಗೆ ನಡೆದದ್ದನ್ನೆಲ್ಲ ಹೇಳಿದ್ದೆ. ವಿಜಯವಾಡದಲ್ಲೇ ಹುಟ್ಟಿ ಬೆಳೆದವಳು, ಅವಳಿಗೆ ನಾನು ಅಪ್ಪನಲ್ಲ, ನಾನ್ನಾ. ಭಾನುವಾರ ಅವಳ ಫೋನು ಬಂತು. ಕುಕ್ಕರ್, ಬಳೆ, ಉಸಿರು; ರಿಂಗಾಗಿ ನಿಂತಿತು. ಮತ್ತೆ ಬಂತು, ಕೊನೆಗೆ ಎತ್ತಿದೆ.

“ನಾನ್ನಾ, ಎಲ್ಲಿದ್ರಿ? ಭಯ ಆಯ್ತು ನಂಗೆ.”

“ಇಲ್ಲೇ ಇದ್ದೆನವ್ವಾ, ಫೋನ್ ಮುಂದನ.”

“ಮತ್ತೆ ಎತ್ತಬೇಕು ಕದಾ?”

“ಎತ್ತಿದ್ರ ಬಂದ್ ಆಗತೈತಿ. ನಿಮ್ಮವ್ವ ಇನ್ನೇನ್ ಮಾತಾಡೂದ್ರಾಗ ಇದ್ಲು.”

ಆ ಕಡೆ ಅವಳು ಮೂಗೆಳೆದುಕೊಂಡಳು. ಆಮೇಲೆ “ನಾನ್ನಾ, ಫೋನ್ ಇಟ್ಟು ಇನ್ನೊಂದ್ಸಲ ಮಾಡ್ಲಾ?” ಎಂದಳು.

“ಮಾಡವ್ವಾ” ಎಂದೆ.