ದಂಡದ ಚೀಟಿ ಬೇಡಿದವಳು

ನಮ್ಮಕ್ಕ ಥೈರಾ ಮೂವತ್ತು ವರ್ಷ ಕುದುರೆಗಳ ಹಲ್ಲಿಗೆ ಅರ ಹಾಕಿದವಳು. ಕುದುರೆಯ ಹಲ್ಲಿನ ಅಂಚು ಚೂಪಾಗಿ ಕೆನ್ನೆ ಕೊಯ್ಯುತ್ತದೆ, ಹುಲ್ಲು ಅರ್ಧ ಅಗಿದು ಬೀಳುತ್ತದೆ. ಅಕ್ಕ ಬಾಯೊಳಗೆ ಮೊಳಕೈವರೆಗೂ ಕೈ ಹಾಕಿ ಆ ಅಂಚನ್ನು ಸವೆಸುತ್ತಿದ್ದಳು. ನಾನು ಲೈಲ್, ಲಾಳ ಹೊಡೆಯುವವನು. ಗೊರಸು ನನ್ನದು, ಬಾಯಿ ಅವಳದು. ರಾಕಿ ಬೆಟ್ಟಗಳ ಈ ಕಡೆಯ, ದನ-ಕುದುರೆ ಸಾಕುವ ರಾಂಚುಗಳನ್ನೆಲ್ಲ ಒಂದೇ ಪಿಕಪ್ಪಿನಲ್ಲಿ ಸುತ್ತುತ್ತಿದ್ದೆವು.

ಏಳು ವರ್ಷದ ಹಿಂದೆ ರಾಜ್ಯದ ಪ್ರಾಣಿ ಆರೈಕೆ ಮಂಡಳಿಗೆ ಜ್ಞಾನೋದಯವಾಯಿತು. ಕಾನೂನಿನಲ್ಲಿರುವ 'ಶಸ್ತ್ರಚಿಕಿತ್ಸೆ' ಎಂಬುದರಲ್ಲಿ ಅರ ಹಾಕುವುದೂ ಸೇರುತ್ತದೆ, ಪಶುವೈದ್ಯರಲ್ಲದವರು ಮಾಡಕೂಡದು ಎಂದು ಹೊಸ ಅರ್ಥ ಹಚ್ಚಿದರು. ಅಕ್ಕನಿಗೆ ದಂಡ ಹಾಕಿ, ಕೆಲಸ ನಿಲ್ಲಿಸು ಎಂದು ಆದೇಶ ಕೊಟ್ಟರು. ಅವಳನ್ನು ಕರೆಸಿದ ರಾಂಚಿನವರಿಗೂ ದಂಡ ಎಂದರು. ಕೋರ್ಟಿಗೆ ಹೋದೆವು.

"ನೋಡಮ್ಮಾ, ನಾನೇ ಓದಿದ್ರೆ ಇದು ಶಸ್ತ್ರಚಿಕಿತ್ಸೆ ಅಂತ ನಂಗನ್ಸಲ್ಲ," ಎಂದರು ನ್ಯಾಯಾಧೀಶರು. "ಆದ್ರೆ ಮಂಡಳಿ ಹೇಳೋ ಅರ್ಥ ತೀರಾ ಅಸಂಬದ್ಧ ಅಲ್ದಿದ್ರೆ ನಾನದನ್ನ ಒಪ್ಕೋಬೇಕು. ನಿಯಮ ಹಂಗಿದೆ."

"ಹಂಗಾದ್ರೆ ನೀವಿಲ್ಲಿ ಯಾಕೆ ಕೂತಿದೀರಿ ಸ್ವಾಮಿ?" ಎಂದಳು ಅಕ್ಕ. ವಕೀಲ ಅವಳ ತೋಳು ಜಗ್ಗಿ ಕೂರಿಸಿದ. ಕೇಸು ಸೋತೆವು.

ಹೊಸ ಮಸೂದೆ ತರಿಸಿ ಆ ನಿಯಮವನ್ನೇ ಕಿತ್ತುಹಾಕಿಸುತ್ತೇನೆ ಎಂದು ಅವಳು ಹಟ ಹಿಡಿದಳು. ಶಾಸನಸಭೆ ಸೇರುವುದು ಎರಡು ವರ್ಷಕ್ಕೊಮ್ಮೆ, ಅದೂ ಹಿಮ ಬೀಳುವ ತೊಂಬತ್ತು ದಿನ. ಮೊದಲ ಸಲ ಸಮಿತಿಯ ಮುಂದೆ ಅವಳಿಗೆ ಸಿಕ್ಕಿದ್ದು ಎರಡು ನಿಮಿಷ. ಹೆಸರು ಹೇಳಿ ಕುದುರೆಯ ದವಡೆ ವಿವರಿಸುವಷ್ಟರಲ್ಲಿ ಕೆಂಪು ದೀಪ ಹತ್ತಿತು. ನದಿಗೆ ಬೀಳುವ ವಿಷದ ಬಗ್ಗೆ ಜಡ್ಜಿಗೇನು ಗೊತ್ತು, ಅಂಥದ್ದಕ್ಕೆಲ್ಲ ವಿಷಯ ಬಲ್ಲ ಮಂಡಳಿಗಳೇ ಅರ್ಥ ಹೇಳಲಿ ಬಿಡಿ ಎಂದು ಮಸೂದೆ ಬೇಡವೆನ್ನುವ ಒಬ್ಬರು ವಾದಿಸಿದರು. ಆ ಮಾತು ಪೂರ್ತಿ ಸುಳ್ಳೇನಲ್ಲ. ಆದರೆ ನಮ್ಮ ಮಂಡಳಿಯಲ್ಲಿ ಒಬ್ಬನೂ ಕುದುರೆಯ ಬಾಯಿಗೆ ಕೈ ಹಾಕಿದವನಲ್ಲ. ಮಸೂದೆ ಅಲ್ಲೇ ಸತ್ತಿತು. ಎರಡನೇ ಸಲ ಎರಡೂ ಸದನಗಳು ಬೇರೆಬೇರೆ ರೂಪದಲ್ಲಿ ಪಾಸು ಮಾಡಿ, ಹೊಂದಿಸಲು ಪುರುಸೊತ್ತಿಲ್ಲದೆ ಮನೆಗೆ ಹೋದವು. ಮೂರನೇ ಸಲ ಗೆದ್ದೆವು. ಇನ್ನು ಮುಂದೆ ಕಾನೂನಿನ ಅರ್ಥವನ್ನು ಜಡ್ಜಿಯೇ ಓದಿ ಹೇಳಬೇಕು. ರಾಜ್ಯಪಾಲರು ಸಹಿ ಹಾಕುವಾಗ ಅಕ್ಕ ಹಿಂದೆ ನಿಂತು ನಕ್ಕಳು. ದಾರಿಯಲ್ಲಿ ಇಬ್ಬರೂ ಚೆರ್ರಿ ಪೈ ತಿಂದೆವು.

ಮಾರನೇ ದಿನ ವಕೀಲ ಫೋನ್ ಮಾಡಿದ.

"ಥೈರಾ, ಇದು ಹೊಸ ಕೇಸುಗಳಿಗೆ ಮಾತ್ರ. ನಿನ್ನ ಹಳೇದು ಮುಗ್ದಿದೆ, ಆದೇಶ ಹಂಗೇ ಇರುತ್ತೆ. ಅವ್ರು ಹೊಸ್ದಾಗಿ ದಂಡ ಹಾಕಿದ್ರೆ ಮಾತ್ರ ಮತ್ತೆ ಕೋರ್ಟಿಗೆ ಹೋಗ್ಬೋದು."

"ಅಷ್ಟೇನಾ? ಹಾಕಿಸ್ಕೋತೀನಿ!"

ದಂಡ ಹಾಕಿಸಿಕೊಳ್ಳುವುದೂ ಇಷ್ಟು ಕಷ್ಟವೆಂದು ನಮಗೆ ಗೊತ್ತಿರಲಿಲ್ಲ. ಮಂಡಳಿಯ ತನಿಖಾಧಿಕಾರಿ ಪೆಟಿಬೋನ್‌ಗೆ ನಾಲ್ಕು ಸಲ ಫೋನ್ ಮಾಡಿ, ಇಂಥ ದಿನ ನಮ್ಮ ಕೊಟ್ಟಿಗೆಯಲ್ಲೇ ಅರ ಹಾಕುತ್ತೇನೆ, ಬನ್ನಿ ಎಂದು ಕರೆದಳು. ಬರಲಿಲ್ಲ. ಸಿಬ್ಬಂದಿ ಕಡಿಮೆಯಂತೆ. ಹೊಸ ಕೇಸಾದರೆ ತಾವೇ ಸೋಲುತ್ತೇವೆಂಬುದು ಮಂಡಳಿಯವರಿಗೂ ಗೊತ್ತಿತ್ತು. ಹಳೆಯ ಎಚ್ಚರಿಕೆಗೆ ಹೆದರಿ ಒಬ್ಬ ರಾಂಚಿನವನೂ ಅವಳನ್ನು ಕರೆಯುತ್ತಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ನನ್ನ ಹೆಣ್ಣುಕುದುರೆಯನ್ನು ಟ್ರೇಲರಿಗೆ ಹತ್ತಿಸಿ, ರಾಜಧಾನಿಯಲ್ಲಿ ಮಂಡಳಿಯ ಕಚೇರಿ ಮುಂದೆ, ಕಾರು ನಿಲ್ಲಿಸುವ ಜಾಗದಲ್ಲೇ ಇಳಿಸಿದೆ.

ಮಟಮಟ ಮಧ್ಯಾಹ್ನ. ಅಕ್ಕ ಕುದುರೆಯ ಬಾಯಿ ತೆರೆದೇ ಇರಲೆಂದು ಕಬ್ಬಿಣದ ಚೌಕಟ್ಟು ತೊಡಿಸಿ ಅರ ಎಳೆಯತೊಡಗಿದಳು. ಕಿಟಕಿಗಳಲ್ಲಿ ಮುಖಗಳು ಕಂಡವು. ಪೆಟಿಬೋನ್ ಕಾಫಿ ಲೋಟ ಹಿಡಿದು ಹೊರಗೆ ಬಂದ.

"ನೋಡ್ತಿದೀರಾ ಸಾರ್? ಬರೀರಿ ಚೀಟಿ!"

"ನಾನು ಊಟದ ಬಿಡುವಲ್ಲಿದೀನಿ, ಮೇಡಂ."

"ಬಿಡುವು ಮುಗಿಯೋವರ್ಗೂ ಕಾಯ್ತೀನಿ."

"ಈಗ ಹೊಸ ದಂಡ ಯಾವ್ದೂ ಹಾಕ್ತಿಲ್ಲ."

"ಹಂಗಾದ್ರೆ ನಾನು ಕೆಲ್ಸ ಮಾಡ್ಬೋದು?"

"ಇಲ್ಲ. ಆದೇಶ ಜಾರೀಲಿದೆ."

"ಮುರೀತಿದೀನಲ್ಲ, ನಿಮ್ಮ ಕಣ್ಮುಂದೇನೇ!"

"ಮುರೀಬಾರ್ದು, ಮೇಡಂ," ಎಂದ ಅವನು ತುಂಬಾ ಮರ್ಯಾದೆಯಿಂದ.

"ಥೂ ನಿನ್ನ! ಒಂದು ಚೀಟಿ ಬರಿಯೋಕೆ ನಿನ್ನ ಗಂಟೇನೋ ಹೋಗುತ್ತೆ?" ಎಂದೆ ನಾನು. ಅವನು ಲೋಟದಲ್ಲಿ ಉಳಿದಿದ್ದನ್ನು ನೆಲಕ್ಕೆ ಚೆಲ್ಲಿ ಒಳಗೆ ಹೋದ. ಕಿಟಕಿಗಳ ಪರದೆಗಳೂ ಒಂದೊಂದಾಗಿ ಇಳಿದವು.

ಅಕ್ಕ ಮತ್ತೆ ಕುದುರೆಯ ಕಡೆ ತಿರುಗಿದಳು. ಕಣ್ಣಲ್ಲಿ ನೀರು ತುಂಬಿತ್ತು. ಆದೇಶ ಬಂದಂದಿನಿಂದ ಅವಳು ಮುಟ್ಟಿದ ಮೊದಲ ಕುದುರೆ ಅದು, ಎಡಗಡೆಯ ಹಲ್ಲು ಇನ್ನೂ ಬಾಕಿಯಿತ್ತು.

"ತಲೆ ಗಟ್ಟಿಯಾಗಿ ಹಿಡ್ಕೋ ಲೈಲ್," ಎಂದಳು.

ಹಿಡಿದುಕೊಂಡೆ. ಅವಳು ಎಡಗಡೆಯನ್ನೂ ಪೂರ್ತಿ ಮುಗಿಸಿದಳು. ತಡೆಯಲು ಯಾರೂ ಬರಲಿಲ್ಲ.