ಬಣ್ಣ ಬಿಟ್ಟ ಗುಲಾಬಿ

ನಮ್ಮ ಗಿಡದ ಕೂಟ ಸೇರುವುದು ತಿಂಗಳ ಕೊನೆಯ ಭಾನುವಾರ, ಲೈಬ್ರರಿಯ ಮಹಡಿ ಕೋಣೆಯಲ್ಲಿ. ನಿಯಮ ಒಂದೇ: ಮನೆಯಲ್ಲಿ ಬೆಳೆದ ಒಂದು ಹೂವು ತರಬೇಕು, ಅದರ ಕಥೆ ಹೇಳಬೇಕು. ತರದವರಿಗೆ ಬಿಸ್ಕತ್ತಿಲ್ಲ. ಹಲ್ಲಿನ ಡಾಕ್ಟರು ಪ್ರತಿ ಸಲವೂ ಆರ್ಕಿಡ್ ತಂದು, ಅದು ಮೂರು ವರ್ಷ ಹೂ ಬಿಡದೆ ಸತಾಯಿಸಿದ್ದನ್ನು ನಮ್ಮನ್ನೆಲ್ಲ ಬಾಯಿ ತೆರೆಸಿ ಕೂರಿಸಿದವರ ಹಾಗೆ ನಿಧಾನವಾಗಿ ಹೇಳುತ್ತಾರೆ. ಲೆಕ್ಕದ ಮೇಷ್ಟ್ರದು ದಾಸವಾಳ. ಅದಕ್ಕೆ ಬಿಳಿ ಹುಳ ಹತ್ತಿದಾಗ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಒಂದೊಂದೇ ಎಲೆ ಉಜ್ಜಿದರಂತೆ. "ಹಲ್ಲನ್ನೂ ಹಾಗೇ ಉಜ್ಜಿದ್ರೆ ನನ್ನ ಹತ್ರ ಬರೋದು ತಪ್ತಿತ್ತು" ಎಂದು ಡಾಕ್ಟರು ಕಾಲೆಳೆಯುತ್ತಾರೆ.

ನನ್ನನ್ನು ಅಲ್ಲಿ ಟೈಲರಮ್ಮ ಎನ್ನುತ್ತಾರೆ. ನನ್ನದು ಗುಲಾಬಿ, ಅಮ್ಮನ ಗುಲಾಬಿ. ಆ ಕಥೆ ಎಷ್ಟು ಸಲ ಹೇಳಿದರೂ ಯಾರಾದರೊಬ್ಬರು ಕಣ್ಣೊರೆಸಿಕೊಳ್ಳುತ್ತಿದ್ದರು. ನನಗೂ ಅದು ಬೇಕಿತ್ತು, ಸುಳ್ಳೇಕೆ ಹೇಳಲಿ.

ಅಮ್ಮ ಹಾಸಿಗೆ ಹಿಡಿದ ಮೇಲೆ ಹನ್ನೊಂದು ವರ್ಷ ಬದುಕಿದ್ದಳು. ಹೊಲಿಗೆ ಯಂತ್ರವನ್ನು ಅವಳ ಮಂಚದ ಪಕ್ಕಕ್ಕೇ ಎಳೆದುಕೊಂಡಿದ್ದೆ. ಕಾಲು ಪೆಡಲ್ ಮೇಲೆ, ಕಿವಿ ಅವಳ ಮೇಲೆ. ಮೀಯಿಸಿದ್ದು, ಉಣಿಸಿದ್ದು, ಮಗ್ಗುಲು ಬದಲಿಸಿದ್ದು ಎಲ್ಲ ನಾನೇ. ತಂಗಿ ವರ್ಷಕ್ಕೆರಡು ಸಲ ಬರುತ್ತಿದ್ದಳು, ಬಂದ ಪುಟ್ಟ ಹೋದ ಪುಟ್ಟ. ಅವಳು ಬರುವ ದಿನ ಅಮ್ಮ ತಲೆ ಬಾಚಿಸಿಕೊಂಡು, ದಿಂಬಿಗೊರಗಿ, ಬಾಗಿಲು ನೋಡುತ್ತ ಕೂರುತ್ತಿದ್ದಳು. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ನನ್ನ ಪಾಲಿಗೆ ಉಳಿದದ್ದು ಕಿಟಕಿಯಾಚೆಯ ಕುಂಡದ ಗುಲಾಬಿ. ಬೆಣ್ಣೆಯಂಥ ತೆಳು ಹಳದಿ, ಅಂಗೈಯಗಲದ ಹೂವು. ತಂಗಿ ಒಮ್ಮೆ ನೆಡಲು ಒಂದು ಕಡ್ಡಿ ಕೇಳಿದ್ದಳು. "ಕಡ್ಡಿ ಕೊಟ್ರೆ ಗಿಡ ಸೊರಗುತ್ತೆ" ಎಂದುಬಿಟ್ಟಿದ್ದೆ. ಹೂವೂ ಅವಳಿಗೆ ಸಿಕ್ಕರೆ ನನ್ನ ಹನ್ನೊಂದು ವರ್ಷಕ್ಕೆ ಏನರ್ಥ?

ಅಮ್ಮ ತೀರಿಕೊಂಡ ವಾರ ನನಗೆ ಅಳು ಬರಲಿಲ್ಲ. ಕತ್ತರಿ ಹಿಡಿದು ಹೋಗಿ ಗಿಡವನ್ನು ಬುಡದ ತನಕ ಸವರಿಬಿಟ್ಟೆ. ಕೆಲವು ತಿಂಗಳಲ್ಲಿ ಹೊಸ ಕೊಂಬೆ ಎದ್ದು ಹೂವೂ ಬಂತು. ಆದರೆ ಬಿಳಿ ಹೂವು, ಸಣ್ಣ ಸಣ್ಣವು, ಗೊಂಚಲು ಗೊಂಚಲು. ನಾಲ್ಕು ವರ್ಷವಾದರೂ ಹಳದಿ ತಿರುಗಿ ಬರಲಿಲ್ಲ. "ಅಮ್ಮನ ಜೊತೆ ಗಿಡಾನೂ ಬಣ್ಣ ಬಿಡ್ತು" ಎಂದು ನಾನು ಕೂಟದಲ್ಲಿ ಹೇಳುತ್ತಿದ್ದ ಕಥೆ ಇದೇ.

ಈಚೆಗೆ ತಂಗಿಯ ಗಂಡನಿಗೆ ವರ್ಗವಾಗಿ ಅವರು ನಮ್ಮ ಊರಿಗೇ ಬಂದರು. ಅವಳನ್ನು ಕೂಟಕ್ಕೆ ನಾನೇ ಕರೆದೆ. ಪ್ರೀತಿಯಿಂದಲ್ಲ. ನಾಲ್ಕು ಜನರ ನಡುವೆ ಕೂತು ಆ ಕಥೆ ಕೇಳಲಿ, ತಲೆ ತಗ್ಗಿಸಲಿ ಎಂದು.

ಅವಳು ಕೇಳಿದಳು, ತಲೆಯನ್ನೂ ತಗ್ಗಿಸಿದಳು. ಕೆಡಿಸಿದವನು ಅವತ್ತೇ ಹೊಸದಾಗಿ ಬಂದಿದ್ದ ನರ್ಸರಿಯವನು. ನಾನು ತಂದ ಕೊಂಬೆ ಎತ್ತಿಕೊಂಡು ತಿರುಗಿಸಿ ನೋಡಿದ.

"ಎಲೆ ಎಣಿಸಿದ್ದೀರಾ ಅಮ್ಮ? ಒಂದೊಂದು ತೊಟ್ಟಲ್ಲಿ ಏಳೇಳಿವೆ, ತೋಟದ ಗುಲಾಬೀಲಿ ಸಾಮಾನ್ಯವಾಗಿ ಐದೇ. ಇದು ಕಾಡುಗುಲಾಬಿ. ಇದರ ಮೇಲೆ ಒಳ್ಳೇ ಗುಲಾಬೀನ ಕಸಿ ಕಟ್ಟಿರ್ತಾರೆ. ನೀವು ಕಸಿ ಗಂಟಿನ ಕೆಳಗೇ ಕತ್ತರಿಸಿದ್ದೀರಿ. ನಿಮ್ಮಮ್ಮನ ಗಿಡ ಅವತ್ತೇ ಹೋಯ್ತು."

"ಬಣ್ಣ ಬಿಟ್ಟಿದೆ ಅಷ್ಟೇ" ಎಂದೆ.

"ಗುಲಾಬಿ ಹಾಗೆಲ್ಲ ಬಣ್ಣ ಬಿಡಲ್ಲ ಅಮ್ಮ. ಇದು ಕೆಳಗಿದ್ದು ಹೊರೋ ಗಿಡ. ಇದರ ಹೂವನ್ನ ಯಾರೂ ಕೇಳಲ್ಲ."

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಅದಕ್ಕೇ ಇನ್ನೂ ಉರಿಯಿತು. ಹೊರುವ ಕೆಲಸ ನನಗೆ ಇವನು ಹೇಳಿಕೊಡಬೇಕೇ?

ಮುಂದಿನ ಸರದಿ ತಂಗಿಯದು. ಅವಳು ತೊಡೆಯ ಮೇಲಿನ ಸ್ಟೀಲ್ ಡಬ್ಬಿಯನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು "ನಾನೇನೂ ತಂದಿಲ್ಲ" ಎಂದಳು.

"ಡಬ್ಬಿ ತೋರಿಸ್ದೆ ಬಿಸ್ಕತ್ತಿಲ್ಲ ಕಣಮ್ಮ" ಎಂದು ಮೇಷ್ಟ್ರು ನಕ್ಕರು.

ನಾನೇ ಡಬ್ಬಿ ಕಿತ್ತುಕೊಂಡು ಮುಚ್ಚಳ ತೆಗೆದೆ. ಒದ್ದೆ ಬಟ್ಟೆಯ ಮೇಲೆ ಒಂದೇ ಹೂವಿತ್ತು. ಬೆಣ್ಣೆಯಂಥ ಹಳದಿ, ಅಂಗೈಯಗಲ.

ಕೂಟ ಮುಗಿದು ಇಳಿಯುವಾಗ ಮೆಟ್ಟಿಲ ತಿರುವಿನಲ್ಲಿ ಅವಳನ್ನು ನಿಲ್ಲಿಸಿದೆ. "ಯಾವಾಗ ಕದ್ದೆ?"

"ಕದ್ದಿಲ್ಲ ಅಕ್ಕಾ. ಅಮ್ಮನೇ ಕೊಟ್ಟಿದ್ದು. ನಿನ್ನ ಕಣ್ಣಿನ ಆಪರೇಷನ್ನಾದಾಗ ನಾಲ್ಕು ದಿನ ನಾನಿದ್ನಲ್ಲ, ಆಗ."

"ನಂಗ್ಯಾಕೆ ಹೇಳ್ಲಿಲ್ಲ?"

"ಅಮ್ಮ ಬೇಡ ಅಂದ್ಳು."

"ಇನ್ನೇನಂದ್ಳು?"

"ಬಿಡಕ್ಕಾ, ಹೋದವಳ ಮಾತು."

ನಾನು ಬಿಡುವವಳಲ್ಲ. ಮತ್ತೆ ಮತ್ತೆ ಕೇಳಿದೆ. ಅವಳ ಕಣ್ಣು ತುಂಬಿತು.

"'ಅವಳ ಕೈ ಬಿರುಸು ಕಣೇ, ಗಿಡ ಅವಳ ಹತ್ರ ಉಳಿಯಲ್ಲ, ನೀನೊಂದು ಕಡ್ಡಿ ಇಟ್ಕೋ' ಅಂದ್ಳು. ಈಗ ಕೈ ಬಿಡಕ್ಕಾ, ನೋಯ್ತಿದೆ."

ಅವಳ ಮಣಿಕಟ್ಟು ಹಿಡಿದಿದ್ದೆನೆಂದು ನನಗೆ ಗೊತ್ತಾದದ್ದೇ ಆಗ. ನನ್ನ ಬೆರಳುಗಳ ಗುರುತು ಅವಳ ಚರ್ಮದ ಮೇಲೆ ಕೆಂಪಗೆ ಮೂಡಿತ್ತು. ಮೀಯಿಸುವಾಗ ಅಮ್ಮ ಕಣ್ಣು ಮುಚ್ಚಿ ತುಟಿ ಬಿಗಿಹಿಡಿಯುತ್ತಿದ್ದಳು. ಸೋಪು ಕಣ್ಣಿಗೆ ಹೋಗುತ್ತದೆಂದು ಹಾಗೆ ಮಾಡುತ್ತಾಳೆ ಎಂದು ಹನ್ನೊಂದು ವರ್ಷ ತಿಳಿದಿದ್ದೆ.

ಮರುದಿನ ನಾನು ಕೇಳದೆಯೇ ಅವಳು ಒಂದು ಕಡ್ಡಿ ತಂದುಕೊಟ್ಟಳು. "ನೆರಳಲ್ಲಿಡು. ಒಂದು ತಿಂಗಳು ಮುಟ್ಲೇಬೇಡ" ಎಂದಳು, ನನಗೇನೂ ಗೊತ್ತಿಲ್ಲವೆಂಬ ಹಾಗೆ. ಬಿಸಾಡಬೇಕೆನಿಸಿತು. ಆದರೆ ಬಿಸಾಡಲಿಲ್ಲ. ಈ ಕಡ್ಡಿಯೊಂದು ಹತ್ತಿದರೆ ಅಮ್ಮನ ಮಾತು ಸುಳ್ಳಾಗುತ್ತದಲ್ಲ ಎಂದು ಹದವಾದ ಮಣ್ಣು ಮಾಡಿ ನೆಟ್ಟೆ.

ಹತ್ತನೆಯ ದಿನಕ್ಕೆ ಎರಡು ಕೆಂಪು ಚಿಗುರು ಬಂದವು. ಚಿಗುರನ್ನು ನಂಬುವ ಹಾಗಿಲ್ಲ. ಬೇರಿಲ್ಲದೆಯೂ ಕಡ್ಡಿ ತನ್ನೊಳಗಿನ ರಸದಲ್ಲೇ ಚಿಗುರಿ, ಆಮೇಲೆ ಒಣಗುವುದುಂಟು. ದಿನಕ್ಕೆ ಹತ್ತು ಸಲ ಹೋಗಿ ನೋಡುತ್ತಿದ್ದೆ. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ನೋಡುತ್ತಿದ್ದೆ.

ಇಪ್ಪತ್ತಮೂರನೆಯ ದಿನ ತಡೆಯಲಾಗಲಿಲ್ಲ. ಬೇರು ಬಂದಿದೆಯೋ ಇಲ್ಲವೋ ತಿಳಿಯಲೇಬೇಕಿತ್ತು. ಮೆತ್ತಗೇ ಎಳೆದೆ, ನನ್ನ ಲೆಕ್ಕದಲ್ಲಿ ಮೆತ್ತಗೆ. ಕಡ್ಡಿ ಕೈಗೆ ಬಂತು. ಬುಡದಲ್ಲಿ ದಾರದೆಳೆಯಂಥ ಬಿಳಿ ಬೇರು ಮೂರು, ಮೂರೂ ತುಂಡಾಗಿದ್ದವು. ತಿರುಗಿ ನೆಟ್ಟೆ, ನೀರು ಹಾಕಿದೆ. ನಾಲ್ಕು ದಿನದಲ್ಲಿ ಕಡ್ಡಿ ಬುಡದಿಂದ ಕಪ್ಪಾಯಿತು.

ತಿಂಗಳು ತುಂಬಿದ ದಿನ ತಂಗಿ ಫೋನ್ ಮಾಡಿದಳು. "ಅಕ್ಕಾ, ಬೇರು ಬಿಡ್ತಾ?"

"ಬಿಟ್ಟಿತ್ತು" ಎಂದೆ.