ಮೇಜು ಬಿಡುವ ಕ್ರಮ

ಕರ್ನಲ್ ವಿಭಾಗದಲ್ಲಿ ದಾಖಲೆ ಬರೆಯುವವಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಕಂಪ್ಯೂಟರಿನ ಹೊಟ್ಟೆಯೊಳಗೆ ಕೂತು ಎಲ್ಲವನ್ನೂ ನಡೆಸುವ ಕರ್ನಲ್ ಎಂಬ ತಂತ್ರಾಂಶದಲ್ಲಿ ಯಾವ ಫಂಕ್ಷನ್, ಅಂದರೆ ಕೋಡಿನ ಯಾವ ತುಣುಕು, ಏನು ಮಾಡುತ್ತದೆ, ಅದನ್ನು ಹೇಗೆ ಬಳಸಬೇಕು ಎಂದು ತಿಳಿಯುವಂತೆ ಬರೆದಿಡುವುದು ಅವಳ ಕೆಲಸ. ಕೋಡ್ ಬರೆದವರು ಮರೆಯುತ್ತಾರೆ, ಓದಿದವರು ಬೈಯುತ್ತಾರೆ, ನಡುವೆ ಇವಳು. ಈ ಸಲ ಮೆಮೊರಿಯ ಪುಟಗಳಿಗೆ ತಾತ್ಕಾಲಿಕ ವಿಳಾಸ ಕೊಡುವ ಫಂಕ್ಷನ್‌ಗಳ ಸರದಿ. ಹಳೆಯದೊಂದು, ಅದರ ಜಾಗಕ್ಕೆ ಬಂದ ಹೊಸದೊಂದು. ಹೊಸದರ ಬಗ್ಗೆ ಸಲೀಸಾಗಿ ಬರೆದಳು. ಹಳೆಯದರ ತಲೆಯ ಮೇಲೆ ‘ಬಳಸಬೇಡಿ’ ಎಂದು ಬರೆಯಬೇಕಿತ್ತು. ಒಂದೇ ಒಂದು ಪದ, ಅದಕ್ಕೇ ಕೈ ಬರಲೊಲ್ಲದು.

ಹಳೆಯದನ್ನು ಬರೆದವರು ದೊಡ್ಡಪ್ಪ. ಅವರು ಆಫೀಸಿನಲ್ಲಿ ಯಾರಿಗೂ ರಕ್ತಸಂಬಂಧಿಯಲ್ಲ. ಎಲ್ಲರಿಗಿಂತ ಹಿರಿಯರಾದ್ದರಿಂದ ಅಂಟಿಕೊಂಡ ಹೆಸರು, ನಿವೃತ್ತರಾದ ಮೇಲೂ ಬಿಡಲಿಲ್ಲ.

ಅವರ ಕಾಲದಲ್ಲಿ ವಿಭಾಗವೆಂದರೆ ಮಹಡಿಯ ಮೂಲೆಯ ಒಂದು ಕೋಣೆ, ಕಾಲು ಅಲ್ಲಾಡುವ ಒಂದು ಮೇಜು. ಪಕ್ಕದ ಉಗ್ರಾಣದ ತುಂಬ ಬಿಡಿಭಾಗಗಳ ರಟ್ಟಿನ ಪೆಟ್ಟಿಗೆಗಳು. ಅಕ್ಕ ಕೆಲಸಕ್ಕೆ ಸೇರಿದ ಹೊಸತರಲ್ಲಿ ಏನೂ ತಲೆಗೆ ಹತ್ತದೆ ಕಣ್ಣು ಕಣ್ಣು ಬಿಡುತ್ತಿದ್ದಾಗ, ದೊಡ್ಡಪ್ಪ ಎರಡು ಪೆಟ್ಟಿಗೆ ತಂದು ಮೇಜಿನ ಮೇಲೆ ಒಂದರ ಮೇಲೊಂದು ಇಟ್ಟಿದ್ದರು.

“ನೋಡು ಮಗಳೇ, ಉಗ್ರಾಣ ದೊಡ್ಡದು, ಮೇಜು ಚಿಕ್ಕದು. ಚಿಕ್ಕ ಯಂತ್ರಗಳ ಹಣೆಬರಹಾನೂ ಇಷ್ಟೇ, ಮೆಮೊರಿ ಅನ್ನೋದು ಉಗ್ರಾಣ, ವಿಳಾಸದ ಜಾಗ ಮೇಜು. ಬೇಕಾದ ಪುಟ ಮೇಜಿಗೆ ತಾ, ಕೆಲಸ ಮಾಡು, ವಾಪಸ್ ಇಡು. ಕೊನೆಗೆ ತಂದಿದ್ದನ್ನ ಮೊದಲು ತೆಗಿ. ಕೆಲಸ ಮುಗಿದ ಮೇಲೆ ಮೇಜು ಹಿಡ್ಕೊಂಡು ಕೂತ್ಕೋಬಾರದು.”

ಅವರ ಫಂಕ್ಷನ್ ಅವರಂತೆಯೇ ಇತ್ತು. ದೊಡ್ಡಪ್ಪ ಮೇಜಿಗೆ ಕೂತರೆ ಬಾಗಿಲಿಗೆ ಚಿಲಕ, ಎದ್ದೇಳುವವರೆಗೆ ಯಾರೂ ಒಳಗೆ ಕಾಲಿಡುವಂತಿಲ್ಲ. ಫಂಕ್ಷನ್ನೂ ಹಾಗೆಯೇ, ತನ್ನ ಕೆಲಸ ಮುಗಿಯುವ ತನಕ ಬೇರೆ ಕೆಲಸ ನಡುವೆ ನುಗ್ಗಲು ಬಿಡುತ್ತಿರಲಿಲ್ಲ. ಹೊಸದಕ್ಕೆ ಆ ಹಟವಿಲ್ಲ. ಯಾರಾದರೂ ನಡುವೆ ಬಂದು ಹೋದರೂ ನಿಮ್ಮ ಪೆಟ್ಟಿಗೆ ನೀವಿಟ್ಟಲ್ಲೇ ಸಿಗುತ್ತದೆ. ಒಳ್ಳೆಯದೇ, ಯಾರು ಇಲ್ಲವೆಂದರು? ಆದರೂ ಆ ಚಿಲಕದ ಸದ್ದು ಅಕ್ಕನಿಗೆ ಇನ್ನೂ ನೆನಪಿತ್ತು. ಅಷ್ಟು ಚೆನ್ನಾಗಿ ಅವಳಿಗೆ ಮತ್ತೆ ಯಾರೂ ಏನನ್ನೂ ಕಲಿಸಲಿಲ್ಲ. ಆ ಮನುಷ್ಯನ ಕೆಲಸವನ್ನು ಬೇಡವೆಂದು ತಾನೇ ಬರೆದು, ಅದು ಅವರ ಕಣ್ಣಿಗೆ ಬಿದ್ದರೆ?

ಕೊನೆಗೆ ಹಾವೂ ಸಾಯದ, ಕೋಲೂ ಮುರಿಯದ ಒಂದು ವಾಕ್ಯ ಹೊಸೆದಳು: ‘ಸಾಧ್ಯವಾದಲ್ಲಿ ಹೊಸದನ್ನು ಬಳಸುವುದು ಒಳಿತು.’ ಮರುದಿನ ಮಧ್ಯಾಹ್ನ ಹಾಳೆಗಳನ್ನು ಹಿಡಿದು, ಅವರು ಬೇರೆ ಕಡೆಯಿಂದ ತಿಳಿಯುವ ಮೊದಲು ತಾನೇ ತೋರಿಸಿಬಿಡೋಣವೆಂದು ಅವರ ಮನೆಗೆ ಹೋದಳು.

ದೊಡ್ಡಪ್ಪ ಊಟದ ಮೇಜಿನ ಮೇಲೆ ಹಾಳೆಗಳನ್ನು ಹರಡಿಕೊಂಡರು. ಕನ್ನಡಕ ಮೂಗಿನ ತುದಿಗೆ ಜಾರಿತು. ಮೆಮೊರಿಯ ಒಂದು ಪುಟದಿಂದ ಇನ್ನೊಂದಕ್ಕೆ ನಕಲು ಮಾಡುವ ಉದಾಹರಣೆ ಬಂದದ್ದೇ ನಗತೊಡಗಿದರು.

“ಮೊದಲು ತೆರೆದದ್ದನ್ನೇ ಮೊದಲು ಮುಚ್ಚಿದೀಯಲ್ಲೇ! ಅಡಿಯಲ್ಲಿರೋ ಪೆಟ್ಟಿಗೆ ಎಳೀತಿದೀಯಾ. ಮೇಲಿನದು ಕಾಲಿನ ಮೇಲೆ ಬೀಳಲ್ವಾ?”

ಅಕ್ಕ ನಾಲಿಗೆ ಕಚ್ಚಿಕೊಂಡಳು. ಇಷ್ಟು ವರ್ಷ ತಾನೇ ಊರಿಗೆಲ್ಲ ಹೇಳಿಕೊಟ್ಟ ಪಾಠ! ಮನಸ್ಸೆಲ್ಲ ಕೊನೆಯ ಹಾಳೆಯ ಆ ವಾಕ್ಯದ ಮೇಲಿದ್ದರೆ ಇನ್ನೇನಾದೀತು. ಆ ಹಾಳೆಯನ್ನು ಅವಳು ಇನ್ನೂ ಮಡಿಲಲ್ಲೇ ಇಟ್ಟುಕೊಂಡಿದ್ದಳು.

“ಅದನ್ನೂ ಕೊಡು,” ಎಂದರು ದೊಡ್ಡಪ್ಪ.

ಕೊಟ್ಟಳು. ಅವರು ಎರಡು ಸಲ ಓದಿದರು. ಈಗ ನಗು ಇರಲಿಲ್ಲ.

“ಏನಿದು, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ? ಯಾವನೋ ಹೊಸಬ ಇದನ್ನ ಓದ್ತಾನೆ. ‘ಸಾಧ್ಯವಾದಲ್ಲಿ’ ಅಂತಿದೆ, ನನಗೆ ಸಾಧ್ಯವಿಲ್ಲ ಅಂದ್ಕೊಂಡು ಹಳೇದನ್ನೇ ಹಾಕ್ತಾನೆ. ಆಮೇಲೆ ಒದ್ದಾಡೋನು ಅವನು. ಯಾರ ಮುಖ ನೋಡಿ ಬರೆದೆ ಇದನ್ನ?”

“ನಿಮ್ಮದೇ ದೊಡ್ಡಪ್ಪಾ,” ಎಂದಳು. “ನಿಮ್ಮದನ್ನ ನಾನೇ ಬೇಡ ಅನ್ನೋದು ಹೇಗೆ?”

ದೊಡ್ಡಪ್ಪ ಜೇಬಿನಿಂದ ಪೆನ್ಸಿಲ್ ತೆಗೆದು ಇಡೀ ವಾಕ್ಯದ ಮೇಲೆ ಗೀಟು ಎಳೆದರು. ಮೇಲೆ ದಪ್ಪ ಅಕ್ಷರಗಳಲ್ಲಿ ‘ಬಳಸಬೇಡಿ’ ಎಂದು ಬರೆದರು. ಬರೆದು ಮುಗಿದ ಮೇಲೂ ಪೆನ್ಸಿಲ್ ಸ್ವಲ್ಪ ಹೊತ್ತು ಹಾಳೆಯ ಮೇಲೇ ನಿಂತಿತ್ತು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಡುಗೆಮನೆಯಿಂದ ಅವರ ಹೆಂಡತಿ ತಟ್ಟೆಗಳನ್ನು ಹಿಡಿದು ಬಂದರು. ಮೇಜಿನ ತುಂಬ ಹಾಳೆ, ಇಡಲು ಜಾಗವಿಲ್ಲ.

“ಕೆಲಸ ಮುಗೀತಲ್ಲ ಮಗಳೇ,” ಎಂದು ದೊಡ್ಡಪ್ಪ ತಾವೇ ಹಾಳೆಗಳನ್ನು ಒಟ್ಟು ಮಾಡತೊಡಗಿದರು. “ಮೇಜು ಬಿಡು. ಊಟ ಮಾಡೋಣ.”